ಒಂದರಿಂದ ಏಳು

ಹಾಸನದ ಬಸ್ ಡಿಪೋದಲ್ಲಿ ಮೂರು ದಿನದ ತರಬೇತಿ.
ವಿಷಯ: ಸಂತೋಷ.
ಕಳೆದ ತಿಂಗಳು ಇದೇ ಕೋಣೆಯಲ್ಲಿ, ಇದೇ ಬೋರ್ಡಿನ ಮೇಲೆ
ಡೀಸೆಲ್ ಉಳಿತಾಯ ಹೇಳಿಕೊಟ್ಟಿದ್ದರಂತೆ;
ಅರ್ಧ ಅಳಿಸಿದ ಲೀಟರುಗಳ ಮೇಲೆ ನಾನು
'ಅರ್ಥಪೂರ್ಣ ಬದುಕು' ಎಂದು ಬರೆದೆ.
ಸೀಮೆಸುಣ್ಣ ಕೀರಿತು. ಹಿಂದಿನ ಬೆಂಚು ನಕ್ಕಿತು.

ಹಾಳೆ ಹಂಚಿದೆ.
'ನನ್ನ ಬದುಕಿಗೆ ಅರ್ಥವಿದೆ':
ಒಪ್ಪುವುದೇ ಇಲ್ಲವೆಂದರೆ ಒಂದು,
ಪೂರ್ತಿ ಒಪ್ಪಿದರೆ ಏಳು.
"ಅರ್ಥ ಆಗ್ಲಿಲ್ಲ ಮೇಡಂ" ಅಂದರು
ಟೈರು ವಿಭಾಗದ ಇರ್ಷಾದ್, ತಮಾಷೆಗೋ, ನಿಜಕ್ಕೋ.
ಇಪ್ಪತ್ತೆರಡು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ ಈ ಪ್ರಶ್ನೆಯನ್ನು,
ಸಕ್ಕರೆ ಕಾರ್ಖಾನೆ, ಬ್ಯಾಂಕು, ಗಾರ್ಮೆಂಟ್ಸಿನ ಊಟದ ಹಾಲು.
ಯಾರೂ ಇಷ್ಟು ಸರಿಯಾಗಿ ಉತ್ತರಿಸಿರಲಿಲ್ಲ.

ಮಲಗುವ ಮುಂಚೆ ಮೂರು ಒಳ್ಳೆಯ ಸಂಗತಿ ಬರೆದು ತನ್ನಿ ಎಂದಿದ್ದೆ.
ಅರಕಲಗೂಡು ರೂಟಿನ ಕಂಡಕ್ಟರ್ ಇಂದ್ರಾಣಿ ತಂದದ್ದು
ಟಿಕೆಟ್ ರೋಲಿನ ಬೆನ್ನ ಮೇಲೆ:
ಒಂದು, ಸ್ಟ್ಯಾಂಡಿನ ಶೌಚಾಲಯಕ್ಕೆ ಬೀಗ ಇರಲಿಲ್ಲ.
ಎರಡು, ಚಿಲ್ಲರೆಗೆ ಜಗಳ ಆಗಲಿಲ್ಲ.
"ಎರಡು ಸಾಲದಾ ಮೇಡಂ? ಮೂರನೇದಕ್ಕೆ
ಒಂದು ಟ್ರಿಪ್ಪು ಕಡಿಮೆ ಮಾಡ್ಸಿ, ಬರ್ಕೊಡ್ತೀನಿ."
ಡಿಪೋ ಮ್ಯಾನೇಜರ್ ಕೆಮ್ಮಿದರು.
ನಗಬಾರದಿತ್ತು. ನಕ್ಕೆ.
ಆಮೇಲೆ ವರದಿಯಲ್ಲಿ ಅವಳ ಹಾಸ್ಯವನ್ನು
'ಆಂತರಿಕ ಶಕ್ತಿ' ಎಂದು ದಾಖಲಿಸಿದೆ.
ಬೀಗದ ವಿಷಯಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ.

ಎರಡನೆಯ ರಾತ್ರಿ ಲಾಡ್ಜಿಗೆ ಹೋಗಲಿಲ್ಲ.
ಡ್ರೈವರುಗಳು ಮಲಗುವ ಕೋಣೆಯ ಹೊರಗೆ
ಕುರ್ಚಿ ಹಾಕಿಸಿಕೊಂಡು ಕೂತೆ.

ಕಡತದಲ್ಲಿ ಕೆಂಚಯ್ಯ ಕಾವಲುಗಾರ.
ಕೆಲಸ ಮಾತ್ರ ಎಬ್ಬಿಸುವುದು:
ಮೂರೂಕಾಲಿಗೆ ಧರ್ಮಸ್ಥಳದ ಬಸ್ಸಿನವನನ್ನು, ನಾಲ್ಕಕ್ಕೆ ಅರಸೀಕೆರೆಯವನನ್ನು.
ಟ್ಯೂಬ್‌ಲೈಟ್ ಹಾಕುವುದಿಲ್ಲ, ಸೀಟಿ ಊದುವುದಿಲ್ಲ.
ಒಬ್ಬನಿಗೆ ಕಾಲಿನ ಹೆಬ್ಬೆರಳು ಹಿಡಿದರೆ ಸಾಕು.
ಇನ್ನೊಬ್ಬ ಹೆಸರು ಕೂಗಿದರೆ ಮಗ್ಗುಲು ಬದಲಿಸುತ್ತಾನೆ,
ಕಿವಿಯ ಬಳಿ ಬಸ್ಸಿನ ನಂಬರು ಹೇಳಬೇಕು.
ಶಿರಾಡಿಯಲ್ಲಿ ಬ್ರೇಕು ಹಿಡಿಯದೆ, ಹೇಗೋ ಉಳಿದು ಬಂದವನನ್ನು
ಮುಟ್ಟುವುದೇ ಇಲ್ಲ; ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು
ರಾಗಿ ರೇಟು, ಆಲೂಗೆಡ್ಡೆ ರೇಟು
ಮೆಲ್ಲಗೆ ಮಾತಾಡುತ್ತಲೇ ಇರುತ್ತಾನೆ,
ಅವನು ನಿದ್ದೆಯಿಂದ ತಾನಾಗಿ ನಡೆದು ಬರುವವರೆಗೆ.
"ಬೆಚ್ಚಿ ಎದ್ದ ಕೈ ಸ್ಟೇರಿಂಗ್ ಹಿಡೀಬಾರ್ದು ಕಣವ್ವ.
ಹಿಂದೆ ಐವತ್ತು ಜನ ಕೂತಿರ್ತಾರೆ."

ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಪದವಿದೆ.
ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.
ಪದ ಕೊಟ್ಟರೆ ನಾಳೆ ಅದಕ್ಕೊಂದು ತರಬೇತಿ,
ನಾಡಿದ್ದು ಒಂದು ಗುರಿ: ಗಂಟೆಗೆ ಎಷ್ಟು ಜನ.

ಅವನ ಹಾಳೆ ಹುಡುಕಿದೆ. ನಾಲ್ಕಕ್ಕೆ ಸುತ್ತು.
ಯಾಕೆ ನಾಲ್ಕು?
"ಏಳಕ್ಕೆ ಹಾಕಿದ್ರೆ ಸಂಬಳ ಸಾಕು ಅಂದ್ಕತಾರೆ,
ಒಂದಕ್ಕೆ ಹಾಕಿದ್ರೆ ಮನೇಲಿ ಏನೋ ಆಗೈತೆ ಅಂದ್ಕತಾರೆ.
ನಾಲ್ಕು ಯಾರ ತಂಟೆಗೂ ಹೋಗಲ್ಲ."

ನನ್ನ ಹಾಳೆಯನ್ನು ಈವರೆಗೆ ಯಾರೂ ಕೇಳಿಲ್ಲ.
ಬ್ಯಾಗಿನಲ್ಲಿ ನನ್ನದೇ ಡೈರಿ ಇದೆ, ದಿನಕ್ಕೆ ಮೂರು ಒಳಿತು;
ಮಾರ್ಚಿಗೆ ನಿಂತಿದೆ.
ಕೊನೆಯ ಪುಟದಲ್ಲಿ ಒಂದೇ ಸಾಲು:
ಅಕ್ಕನ ಸ್ಕ್ಯಾನಿಂಗ್ ರಿಪೋರ್ಟು ಇನ್ನೂ ಬಂದಿಲ್ಲ.

ಅರೆತೆರೆದ ಬಾಗಿಲೊಳಗೆ ಅವನ ದನಿ.
ಏಳು.
ಏಳು ಮಗ.
ಏಳು, ಏಳು, ಹೊತ್ತಾಯ್ತು.
ಕತ್ತಲಲ್ಲಿ ಮಂಚದಿಂದ ಮಂಚಕ್ಕೆ
ಅದೊಂದೇ ಅಂಕಿ.

ಯಾವಾಗ ಕಣ್ಣು ಹತ್ತಿತೋ.
ಯಾರೋ ಎರಡು ಸಲ ತಟ್ಟಿದರು,
ನನ್ನನ್ನಲ್ಲ, ಕುರ್ಚಿಯ ಕಾಲನ್ನು.
"ಏಳಿ ಮೇಡಂ. ಐದೂವರೆ. ಟೀ ಬಂದೈತೆ."
ಏಳಿ.
ನನ್ನ ಮಾಪಕದಲ್ಲಿ ಇಲ್ಲದ್ದು.
ಲೋಟ ಬಿಸಿಯಿತ್ತು, ಸೆರಗಿನಲ್ಲಿ ಹಿಡಿದೆ.
ಅರಕಲಗೂಡಿನ ಬಸ್ಸು ಹಿಂದಕ್ಕೆ ಬರುತ್ತಿತ್ತು,
ಇಂದ್ರಾಣಿ ಅದರ ಬೆನ್ನು ತಟ್ಟುತ್ತಾ
ಬರ್ಲಿ, ಬರ್ಲಿ,
ಇನ್ನೂ ಬರ್ಲಿ.